ತೌಡಿಗೆ ಮಾರಿದ ಮಗಳೂ ಮಲಾಯಾ ಪರ್ಮಿಟ್ಟೂ

ನಾನೇ ಸಹಿ ಹಾಕಿದ ಕಾಗದವನ್ನು ನನ್ನ ಮೇಜಿಗೇ ತಂದು ಹಾಕಿ, "ಇದ ನೀವೇಯಾ ಬರೆದದ್ದು?" ಅಂತ ಯಾರಾದರೂ ಕೇಳಿದರೆ ನನಗೆ ಆಗ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಐವತ್ತರ ದಶಕದ ನಡುವಿನ ಮಾತು ಇದು. ಚಾಮರಾಜನಗರದ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವರು ನಾವು ಐದು ಜನ ಇದ್ದೆವು. ಅದರಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡುವವನು ನಾನೊಬ್ಬನೇ. ಜಂಬ ಇತ್ತು, ಸುಳ್ಳೇಕೆ ಹೇಳಲಿ. ಗುಂಡ್ಲುಪೇಟೆ, ಸಂತೆಮರಹಳ್ಳಿ ಕಡೆಯಿಂದೆಲ್ಲ ಜನ ಬಸ್ಸು ಹತ್ತಿ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವತ್ತು ಬಂದವರು ಇಬ್ಬರು ಹೆಂಗಸರು, ಜೊತೆಗೆ ಹನ್ನೊಂದು ವರ್ಷದ ಒಂದು ಹುಡುಗಿ. ಚಿಕ್ಕ ಹೆಂಗಸು ಗುಂಡ್ಲುಪೇಟೆ ಹತ್ತಿರದ ಹಳ್ಳಿಯವಳು. ಅವಳ ಗಂಡನನ್ನು ನಾನು ಬಲ್ಲೆ. ಊಟಿ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದವನು, ಯುದ್ಧ ಮುಗಿದ ಮೇಲೆ ಮಲಾಯಾದ ರಬ್ಬರ್ ತೋಟಕ್ಕೆ ಡ್ರೈವರಾಗಿ ಹೋಗಿದ್ದ. ಎರಡು ವರ್ಷದ ಹಿಂದೆ ರಜೆಯಲ್ಲಿ ಬಂದಾಗ, ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆಸಿಕೊಳ್ಳುವ ಅರ್ಜಿಯನ್ನು ನನ್ನ ಕೈಲೇ ಬರೆಸಿದ್ದ. ದೊಡ್ಡ ಹೆಂಗಸು ಅವರ ಪಕ್ಕದ ಮನೆಯ ವಿಧವೆ. ಊರಲ್ಲಿ ಎಲ್ಲರೂ ಅವರನ್ನು ದೊಡ್ಡವ್ವ ಅಂತಲೇ ಕರೆಯುತ್ತಿದ್ದರಂತೆ, ನಾನೂ ಹಾಗೇ ಕರೆದೆ.

ಚಿಕ್ಕ ಹೆಂಗಸು ಮೇಜಿನ ಮೇಲೆ ಇಟ್ಟದ್ದು ಎರಡು ಕಾಗದ. ಒಂದು, ನಾನು ಟೈಪು ಮಾಡಿದ ಅರ್ಜಿಯ ಕಾರ್ಬನ್ ಪ್ರತಿ. ಇನ್ನೊಂದು, ಮಲಾಯಾದ ವಲಸೆ ಕಚೇರಿಯಿಂದ ಅವಳ ಗಂಡನಿಗೆ ಬಂದ ಪತ್ರ. ಅದರ ಜೊತೆಗೆ ಗಂಡ ಒಂದು ಚೀಟಿ ಇಟ್ಟಿದ್ದ: ಯಾರು ಬರೆದರೋ ಅವರ ಹತ್ತಿರವೇ ಹೋಗು.

ಪತ್ರವನ್ನು ಎರಡು ಸಲ ಓದಿದೆ. ಸಾರ ಇಷ್ಟು. ಮೊದಲ ಅರ್ಜಿಯಲ್ಲಿ ನೀನು ತೋರಿಸಿದ್ದು ಒಬ್ಬ ಹೆಂಡತಿ, ಒಬ್ಬ ಮಗ. ಅದರಂತೆ ಇಬ್ಬರಿಗೂ ಪರ್ಮಿಟ್ ಕೊಟ್ಟಿದ್ದೇವೆ. ಈಗ ಒಬ್ಬಳು ಮಗಳೂ ಇದ್ದಾಳೆ, ಸೇರಿಸಿ ಅನ್ನುತ್ತೀಯೆ. ಅದಕ್ಕೆ ಕಳಿಸಿರುವ ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ಬೇರೆ ಇದೆ. ಈ ಹುಡುಗಿ ಯಾರು, ಮೊದಲೇ ಏಕೆ ತೋರಿಸಲಿಲ್ಲ ಎಂಬುದಕ್ಕೆ ಮೂರು ತಿಂಗಳೊಳಗೆ ದಾಖಲೆ ಸಮೇತ ಉತ್ತರ ಕೊಡದಿದ್ದರೆ, ಸುಳ್ಳು ಹೇಳಿಕೆಯ ಮೇಲೆ ಪಡೆದದ್ದೆಂದು ಹೆಂಡತಿ ಮತ್ತು ಮಗನ ಪರ್ಮಿಟ್ಟನ್ನೂ ರದ್ದು ಮಾಡಲಾಗುವುದು.

ಆಗ ಹೊರದೇಶಕ್ಕೆ ಯಾರದೋ ಹೆಣ್ಣುಮಕ್ಕಳನ್ನು ತಮ್ಮ ಮಕ್ಕಳು ಅಂತ ಸಾಗಿಸುವವರೂ ಇದ್ದರು, ಆದ್ದರಿಂದ ಕಚೇರಿಯವರಿಗೆ ಅನುಮಾನ ಬಂದದ್ದು ತಪ್ಪಲ್ಲ. ನಾನು ಆ ತಾಯಿಯ ಮೇಲೆ ರೇಗಿದೆ. ಇಷ್ಟು ದೊಡ್ಡ ಮಗಳನ್ನು ಮುಚ್ಚಿಟ್ಟು ನನ್ನ ಕೈಲಿ ಸುಳ್ಳು ಬರೆಸಿದಿರಲ್ಲ, ನಿಮಗೇನು ಬಂದಿತ್ತು ಅಂತ ಕೇಳಿದೆ. ಅವಳು ತಲೆ ತಗ್ಗಿಸಿ ದೊಡ್ಡವ್ವನ ಕಡೆ ಕೈ ತೋರಿಸಿದಳು. ಹೇಳಿದ್ದು ದೊಡ್ಡವ್ವ.

ಹುಡುಗಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳೂ ವರ್ಷ ತುಂಬುವುದರೊಳಗೆ ಹೋಗಿದ್ದವು. ನಾಲ್ಕನೆಯದಾಗಿ ಇವಳು ಹುಟ್ಟಿದ ಮೂರನೇ ದಿನ, ಮಗುವನ್ನು ಮೊರದಲ್ಲಿ ಮಲಗಿಸಿ, ಒಂದು ಸೇರು ತೌಡಿಗೆ ದೊಡ್ಡವ್ವನಿಗೆ ಮಾರಿದ್ದರು. ಕೊಂಡವಳು ತೌಡು ಕೊಟ್ಟು ಮೊರ ಎತ್ತಿಕೊಂಡು ತನ್ನ ಹೊಸಿಲು ದಾಟಿಸಿ, ಆಮೇಲೆ ಸಾಕೋಕೆ ಅಂತ ಹೆತ್ತವಳ ಕೈಗೇ ವಾಪಸ್ ಕೊಟ್ಟಿದ್ದಳು. ಅಂದಿನಿಂದ ಮಗು ಆ ಮನೆಯದು. ಹೆತ್ತವರು ಬಾಯಿಬಿಟ್ಟು ನಮ್ಮದು ಅನ್ನಬಾರದು. ಹಾಗಂದುಬಿಟ್ಟರೆ ಸಾವಿನ ಕಿವಿಗೆ ಬೀಳುತ್ತದೆ. ಹುಡುಗಿಗೆ ತೌಡಮ್ಮ ಅಂತಲೇ ಹೆಸರು. ಮುಂದೆ ಹುಟ್ಟಿದ ಮಗ ಗಟ್ಟಿಯಾಗಿ ಉಳಿದುಕೊಂಡಿದ್ದರಿಂದ ಅವನಿಗೆ ಇದಾವುದೂ ಬೇಕಾಗಿರಲಿಲ್ಲ. ಹಾಗಾಗಿ ನಾನು ಎರಡು ವರ್ಷದ ಹಿಂದೆ "ಮಕ್ಕಳೆಷ್ಟಪ್ಪ?" ಅಂತ ಕೇಳಿದಾಗ ಆ ಡ್ರೈವರ್ ಒಂದು ಗಳಿಗೆಯೂ ಯೋಚಿಸದೆ ಒಬ್ಬ ಮಗ ಅಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಒಂಬತ್ತು ವರ್ಷ ಕೇಳಿದವರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳಿದ್ದ. ಹೊರಡುವ ದಿನ ಹುಡುಗಿಯೂ ಜೊತೆಗೆ ಬಂದರಾಯಿತು, ಚಿಕ್ಕ ಮಗುವನ್ನು ಯಾರು ಕೇಳುತ್ತಾರೆ ಅಂತ ಅಂದುಕೊಂಡಿದ್ದ. ಪರ್ಮಿಟ್ಟಿನಲ್ಲಿ ಹೆಸರಿಲ್ಲದವರನ್ನು ಹಡಗು ಹತ್ತಿಸುವುದಿಲ್ಲ ಅಂತ ಗೊತ್ತಾದ ಮೇಲೆ, ಹೆಸರು ಸೇರಿಸಿ ಅಂತ ಅಲ್ಲಿಂದಲೇ ಬರೆದುಕೊಂಡಿದ್ದ.

ನನಗೆ ನಾಚಿಕೆಯಾಯಿತು. ನಾನೇನು ಬೆಂಗಳೂರಿನವನೇ? ಇಲ್ಲೇ ಹರವೆ ಕಡೆಯವನು. ನಮ್ಮ ಚಿಕ್ಕಪ್ಪನನ್ನೇ ಹೀಗೆ ಮಾರಿದ್ದರು. ಈ ಸೀಮೆಯ ಮನುಷ್ಯ ಮಕ್ಕಳೆಷ್ಟು ಅಂದರೆ ಎಷ್ಟು ಹೇಳುತ್ತಾನೆ, ಎಷ್ಟು ನುಂಗುತ್ತಾನೆ ಅನ್ನುವುದು ನನಗೆ ಗೊತ್ತಿರಬೇಕಿತ್ತು. ಅರ್ಜಿಯ ಕೆಳಗೆ, ಇದನ್ನು ಅರ್ಜಿದಾರನಿಗೆ ಅವನ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ ಅಂತ ಬರೆದು ನಾನೇ ಸಹಿ ಹಾಕಿದ್ದೆ. ಓದಿದ್ದು ನಿಜ, ವಿವರಿಸಿದ್ದು ಎಲ್ಲಿ?

ಏನು ಮಾಡುತ್ತೀಯಮ್ಮ, ಮಗನನ್ನು ಕರೆದುಕೊಂಡು ಮೊದಲು ನೀನು ಹೋಗು, ಇವಳ ವಿಷಯ ಆಮೇಲೆ ನೋಡೋಣ ಅಂದೆ. ಅದಕ್ಕೆ ಮಾತ್ರ ಅವಳು ತಲೆ ಎತ್ತಿದಳು.

"ಅವ್ಳ ಬುಟ್ಟು ನಾ ಓಗಕ್ಕಿಲ್ಲ ಸ್ವಾಮಿ. ಪರ್ಮಿಟ್ಟು ಅರಿದಾಕಿ ಬೇಕಾದ್ರೆ."

ನನ್ನ ಪಕ್ಕದ ಮೇಜಿನ ಹಿರಿಯ ಬರಹಗಾರರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೆಂಗಸರು ನೀರು ಕುಡಿಯಲು ಹೋದಾಗ ನನ್ನ ಕಡೆ ವಾಲಿ, ಇದೇನು ಕಷ್ಟ, ಒಂದು ದತ್ತು ಪತ್ರ ಬರೆದುಬಿಡು ಅಂದರು. ಹುಡುಗಿ ಪಕ್ಕದ ಮನೆಯವಳ ಮಗಳೇ, ಇವರು ಈಚೆಗೆ ದತ್ತು ತೆಗೆದುಕೊಂಡರು ಅಂತ. ಶಾಲೆಯ ಕಾಗದಕ್ಕೂ ಸರಿಹೋಗುತ್ತದೆ, ಮೊದಲ ಅರ್ಜಿಯಲ್ಲಿ ಹೆಸರಿಲ್ಲದಿದ್ದಕ್ಕೂ ಸರಿಹೋಗುತ್ತದೆ. ಮುಖ್ಯವಾಗಿ, ನಿನ್ನ ಸಹಿಯೂ ಉಳಿಯುತ್ತದೆ.

ಆ ಕೊನೆಯ ಮಾತು ನನ್ನನ್ನು ಅರ್ಧ ದಿನ ಕಾಡಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನ ಹೊಟ್ಟೆಪಾಡೆಲ್ಲ ಆ ಮಾನದ ಮೇಲೆ ನಿಂತಿತ್ತು, ಅರ್ಜಿ ಬರೆಯುವ ಲೈಸೆನ್ಸೂ ತಾಲ್ಲೂಕು ಕಚೇರಿಯ ಕೈಯಲ್ಲಿತ್ತು. ದತ್ತು ಪತ್ರಕ್ಕೆ ಹಾಳೆಯನ್ನೂ ಮಷೀನಿಗೆ ಸಿಕ್ಕಿಸಿದ್ದೆ. ಎರಡು ಸಾಲು ಹೊಡೆದು ನಿಲ್ಲಿಸಿದೆ. ಅದರಲ್ಲಿ ಹುಡುಗಿಯ ಹೆತ್ತ ತಾಯಿ ಅನ್ನುವ ಕಡೆ ದೊಡ್ಡವ್ವನ ಹೆಸರು ಬರೆಯಬೇಕಿತ್ತು. ಊರಿನವರ ಬಾಯಿಮಾತಿನ ಸುಳ್ಳು ಮಗುವನ್ನು ಉಳಿಸಲು ಹುಟ್ಟಿದ್ದು. ನಾನು ಅದನ್ನು ಛಾಪಾ ಕಾಗದದ ಮೇಲೆ ಕೂರಿಸಿದರೆ ಅದು ನನ್ನನ್ನು ಉಳಿಸಲು. ಹಾಳೆ ಎಳೆದು ಹರಿದು ಹಾಕಿದೆ. ಇದ್ದದ್ದು ಇದ್ದಂಗೆ ಬರೆಯುತ್ತೇನೆ, ಆದದ್ದು ಆಗಲಿ ಅಂತ ಹಿರಿಯರಿಗೆ ಹೇಳಿದೆ. ಅವರು, ಹಂಗಾದ್ರೆ ಅನುಭವಿಸು ಅಂದು ತಮ್ಮ ಕೆಲಸಕ್ಕೆ ತಿರುಗಿದರು.

ಬರೆಯುತ್ತೇನೆ ಅಂದರೆ ಸಾಲದು, ದಾಖಲೆ ಬೇಕು. ಮೊದಲು ಬೇಕಾದ್ದು ಜನನದ ನಕಲು. ಹಳ್ಳಿಯಲ್ಲಿ ಹುಟ್ಟು ಸಾವು ಬರೆಯುತ್ತಿದ್ದ ಪುಸ್ತಕಗಳು ಗುಂಡ್ಲುಪೇಟೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದವು. ತೆರಕಣಾಂಬಿ ಮೇಲೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹೋಗಿ, ಹುಡುಕಿಸಲು ಅರ್ಜಿ ಕೊಟ್ಟೆ. ಯಾವ ವರ್ಷ, ಯಾವ ತಿಂಗಳು ಅಂತ ಗುಮಾಸ್ತರು ಕೇಳಿದರು. ತಾಯಿಗೆ ಗೊತ್ತಿದ್ದದ್ದು ಒಂದೇ: ರೇಷನ್ ರಾಗಿಯ ಕಾಲ, ಶ್ರಾವಣದ ಮೂರನೇ ಶನಿವಾರ, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರು ಮಂಜಲ್ಲಿ ನೆನೆದು ವಾಪಸ್ ಬರುವಾಗ ತನಗೆ ನೋವು ಶುರುವಾಗಿತ್ತು. ಶಾಲೆಯ ಸರ್ಟಿಫಿಕೇಟಿನ ವಯಸ್ಸಿನಿಂದ ವರ್ಷ ಲೆಕ್ಕ ಹಾಕಿ, ಆ ವರ್ಷದ ಶ್ರಾವಣದ ಪುಟಗಳನ್ನೆಲ್ಲ ತಿರುವಿಸಿದೆ. ಇಲ್ಲ. ಮುಂದಿನ ತಿಂಗಳು, ಹಿಂದಿನ ತಿಂಗಳು, ಅಲ್ಲೂ ಇಲ್ಲ.

ಎರಡನೇ ಸಲ ಹೋದಾಗಲೂ ಬರಿಗೈಲಿ ಬಂದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ಹುಣಸೆ ಮರದಡಿ ಕೂತಿದ್ದಾಗ ಯೋಚನೆ ಹೊಳೆಯಿತು. ಶಾಲೆಗೆ ಸೇರಿಸುವಾಗ ಹುಡುಗಿಗೆ ವಯಸ್ಸು ಸಾಲದೆ ಮೇಷ್ಟ್ರು ಒಂದು ವರ್ಷ ಹೆಚ್ಚಿಗೆ ಬರೆದಿರಬೇಕು. ಎಲ್ಲ ಮೇಷ್ಟ್ರೂ ಮಾಡುತ್ತಿದ್ದದ್ದೇ ಅದು. ಮೂರನೇ ಸಲ ಹೋಗಿ ಮಾರನೇ ವರ್ಷದ ಪುಸ್ತಕ ತೆಗೆಸಿದೆ. ಶ್ರಾವಣದಲ್ಲೇ ಇತ್ತು. ಹೆಣ್ಣು ಮಗು, ಹೆಸರಿನ ಜಾಗ ಖಾಲಿ, ತಂದೆ ನಮ್ಮ ಡ್ರೈವರೇ, ತಾಯಿ ಇವಳೇ. ಮಾರುವ ಮೊದಲೇ, ಹುಟ್ಟಿದ ಮಾರನೇ ದಿನವೇ ಬರೆಸಿದ್ದರು. ಗುಮಾಸ್ತರು ಅದನ್ನು ಜೋರಾಗಿ ಓದಿದಾಗ ನಾನು ಕಚೇರಿ ಅನ್ನುವುದನ್ನೂ ಮರೆತು ಅವರ ಕೈ ಹಿಡಿದುಕೊಂಡೆ.

ಆದರೆ ಅದರಿಂದ ಕೆಲಸ ಅರ್ಧ ಮಾತ್ರ ಆಯಿತು. ಜನನದ ಪುಸ್ತಕದಲ್ಲಿ ಒಬ್ಬ ತಂದೆ, ಶಾಲೆಯಲ್ಲಿ ಇನ್ನೊಬ್ಬ. ಹೆಸರಿಲ್ಲದ ಆ ಮಗು ಬೇರೆ, ಈ ಹುಡುಗಿ ಬೇರೆ ಅಂತ ಮಲಾಯಾದ ಕಚೇರಿಯವರು ಅನ್ನಬಹುದಿತ್ತು. ಶಾಲೆಗೆ ಸೇರಿಸಿದವಳು ದೊಡ್ಡವ್ವ. ಕೊಂಡವಳೇ ಸೇರಿಸಬೇಕು ಅಂತ ಹೆತ್ತವಳು ಹಟ ಹಿಡಿದಿದ್ದಳಂತೆ. ಮೇಷ್ಟ್ರು ದೊಡ್ಡವ್ವನ ಗಂಡನ ಹೆಸರು ಕೇಳಿ ಅದನ್ನೇ ತಂದೆಯ ಜಾಗದಲ್ಲಿ ಬರೆದುಕೊಂಡಿದ್ದರು.

ಹಳ್ಳಿಗೇ ಹೋಗಿ ದೊಡ್ಡವ್ವನ ಹೇಳಿಕೆ ಬರೆದುಕೊಳ್ಳುತ್ತಾ ಕೂತೆ. ಯಾವ ಹೇಳಿಕೆಗೂ ಮೊದಲು ಬರೆಯುವುದು ಹೆಸರು, ಗಂಡನ ಹೆಸರು, ವಯಸ್ಸು. ಗಂಡನ ಹೆಸರಿನ ಹಿಂದೆ 'ದಿವಂಗತ' ಅಂತ ಬರೆದು, ಅಭ್ಯಾಸಬಲದಿಂದ ಅವರು ತೀರಿಕೊಂಡದ್ದು ಯಾವಾಗ ಅಂತ ಕೇಳಿದೆ. ಅವರು ಬೆರಳು ಮಡಚಿ ಎಣಿಸಿ, ಈ ಕೂಸು ಉಟ್ಟೋಕ್ಕೆ ಆರು ವರ್ಷ ಮುಂಚೆ ಅಂದರು. ನನ್ನ ಪೆನ್ನು ನಿಂತಿತು. ಶಾಲೆಯ ಕಾಗದ ಯಾರನ್ನು ತಂದೆ ಅನ್ನುತ್ತದೋ ಆ ಮನುಷ್ಯ, ಮಗು ಹುಟ್ಟುವುದಕ್ಕೆ ಆರು ವರ್ಷ ಮೊದಲೇ ಮಣ್ಣು ಸೇರಿದ್ದ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು? ನಾಲ್ಕನೇ ಸಲ ಗುಂಡ್ಲುಪೇಟೆ ಬಸ್ಸು ಹತ್ತಿ ಮರಣದ ಪುಸ್ತಕದ ನಕಲನ್ನೂ ತೆಗೆಸಿದೆ. ನನ್ನ ವೃತ್ತಿಯಲ್ಲಿ ನಾನು ನನ್ನ ಬೆನ್ನು ತಟ್ಟಿಕೊಂಡದ್ದು ಕಡಿಮೆ. ಅವತ್ತು ತಟ್ಟಿಕೊಂಡೆ.

ಇನ್ನು ಉಳಿದದ್ದು ಗುಂಡ್ಲುಪೇಟೆ ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರರ ಎದುರು ಪ್ರಮಾಣ ಮಾಡಿ ಸಹಿ ಹಾಕಿಸುವುದು. ಮೂರು ತಿಂಗಳಲ್ಲಿ ಐದು ವಾರ ಆಗಲೇ ಕಳೆದಿತ್ತು. ಹೇಳಿಕೆಗಳನ್ನೆಲ್ಲ ಅಚ್ಚುಕಟ್ಟಾಗಿ ಟೈಪು ಮಾಡಿ, ಒಂದು ಸೋಮವಾರ ಎಲ್ಲರನ್ನೂ ನಿಲ್ಲಿಸಿದೆ. ಅಮಲ್ದಾರರು ಶಿಸ್ತಿನ ಮನುಷ್ಯ. ಬರೆದದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವವರಲ್ಲ. ಹುಡುಗಿಯ ಕಡೆ ಬೆರಳು ತೋರಿಸಿ, ಇವಳು ನಿನಗೇನಾಗಬೇಕು ಅಂತ ತಾಯಿಯನ್ನು ಕೇಳಿದರು.

ಅವಳು ಒಮ್ಮೆ ಹುಡುಗಿಯನ್ನು ನೋಡಿದಳು, ಒಮ್ಮೆ ನೆಲ ನೋಡಿದಳು.

"ಅದು ಆ ಮನೆ ಕೂಸು ಬುದ್ಧೀ" ಅಂದುಬಿಟ್ಟಳು.

ಅಮಲ್ದಾರರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗುತ್ತಿದ್ದೆ. ಏನ್ರೀ ರೈಟರೇ, ಹೆತ್ತವಳೇ ಅಲ್ಲ ಅನ್ನುತ್ತಾಳೆ, ನೀವು ಮೂರು ಪುಟ ಹೌದು ಅಂತ ಬರೆದಿದ್ದೀರಿ ಅಂದರು. ನಾನು ಕೈಮುಗಿದು, ರೂಢಿಯನ್ನು ವಿವರಿಸಿ, ಒಂದು ವಾರ ಕೊಡಿ ಅಂದೆ. ಅವರು ನಮ್ಮ ಕಡೆಯವರೇ ಆದ್ದರಿಂದ ನಗಲಿಲ್ಲ. ಮುಂದಿನ ಸೋಮವಾರ ಅವಳ ಬಾಯಿಂದಲೇ ಬರಬೇಕು, ಬರದಿದ್ದರೆ ನಾನು ಸಹಿ ಹಾಕೋದಿಲ್ಲ ಅಂತ ಮಾತ್ರ ಹೇಳಿ ಕಳಿಸಿದರು.

ಹೊರಗೆ ಬಂದು ನಾನು ಬಾಯಿಗೆ ಬಂದಂತೆ ಬೈದೆ. ತಪ್ಪು ಅಂತ ಗೊತ್ತಿದ್ದೂ ಬೈದೆ. ಅವಳು ಅಳಲೂ ಇಲ್ಲ. ಮೂರು ಮಕ್ಕಳನ್ನು ಮಣ್ಣು ಮಾಡಿದವಳು ತಾನು, ಇದೊಂದು ಉಳಿದದ್ದು ತಾನು ನನ್ನದು ಅನ್ನದೇ ಇದ್ದದ್ದಕ್ಕೆ, ಸರ್ಕಾರದೋರ ಮುಂದೆ ನನ್ನದು ಅಂದು ನಾಳೆ ಹಡಗಿನಲ್ಲಿ ಇದಕ್ಕೇನಾದರೂ ಆದರೆ ಯಾರು ತಂದುಕೊಡುತ್ತಾರೆ ಅಂತ ಕೇಳಿದಳು. ನಾನು ಅವರನ್ನು ಊರಿನ ಬಸ್ಸು ಹತ್ತಿಸಿದೆ.

ಮುಂದಿನ ಸೋಮವಾರ ಅವರು ಬಂದಾಗ ದೊಡ್ಡವ್ವನ ಕಂಕುಳಲ್ಲಿ ಒಂದು ಮೊರ, ತಾಯಿಯ ಮಡಿಲಲ್ಲಿ ಒಂದು ಗಂಟು. ಕಚೇರಿಯ ಜಗಲಿಯ ಮೂಲೆಯಲ್ಲಿ ದೊಡ್ಡವ್ವ ಮೊರ ಮುಂದಿಟ್ಟುಕೊಂಡು ಕೂತರು. ಕಂದಾಯ ಕಟ್ಟಲು ಬಂದ ರೈತರು ನೋಡುತ್ತಾ ನಿಂತರು, ಜವಾನನೂ ಬಂದು ಸೇರಿಕೊಂಡ.

ಹೀಗೆ ಮಾರಿದ ಮಗುವನ್ನು ಸಾಮಾನ್ಯವಾಗಿ ಮದುವೆಯ ಹೊತ್ತಿಗೆ, ಅರಿಶಿನಕ್ಕೆ ಮುಂಚೆ, ತೌಡು ಕೊಟ್ಟು ವಾಪಸ್ ಕೊಳ್ಳುವುದು ವಾಡಿಕೆ. ಅಷ್ಟು ದಿನ ಕಾಯುವಂತಿರಲಿಲ್ಲ. ವಾರವೆಲ್ಲ ಒಪ್ಪಿಸಿ ಒಪ್ಪಿಸಿ ದೊಡ್ಡವ್ವನೇ ಇವಳನ್ನು ಕರೆತಂದಿದ್ದರು.

"ನನ್ ತೌಡ ನಂಗೆ ಕೊಡು. ನಿನ್ ಮಗ್ಳ ನೀ ತಕ್ಕೋ. ಸಾಯ್ದಿರ್ಲಿ ಅಂತ ಕೊಂಡಿದ್ದೆ, ಬದುಕ್ತು. ಇನ್ನ ಏನಾರ ಬರೋದಿದ್ರೆ ನನ್ ತಲೆ ಮ್ಯಾಲೆ ಬರ್ಲಿ ಕಣಮ್ಮಿ."

ತಾಯಿ ಗಂಟು ಬಿಚ್ಚಿದಳು. ಸುರಿಯುವಾಗ ಅರ್ಧ ತೌಡು ನೆಲಕ್ಕೆ ಬಿತ್ತು. ದೊಡ್ಡವ್ವ ಅದನ್ನೂ ಬಳಿದು ಮೊರಕ್ಕೆ ಹಾಕಿಕೊಂಡು, ಹುಡುಗಿಯ ಎರಡೂ ಕೈಯನ್ನು ಹೆತ್ತವಳ ಕೈಗೆ ಇಟ್ಟರು. ಹುಡುಗಿ ನಗುತ್ತಿದ್ದಳು, ಅವಳಿಗೆ ಇದೆಲ್ಲ ಆಟದಂತೆ ಕಂಡಿರಬೇಕು. ನಾನು ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದೆ.

ಒಳಗೆ ಅಮಲ್ದಾರರು ಅದೇ ಪ್ರಶ್ನೆ ಕೇಳಿದರು. ಅವಳು ಸೆರಗು ಬಿಗಿಹಿಡಿದು ನೆಟ್ಟಗೆ ನಿಂತಳು.

"ನಾ ಎತ್ತ ಮಗ್ಳು ಬುದ್ಧಿ. ನಾಕ್ನೇದು. ನಂದೇಯಾ."

ಒಮ್ಮೆ ಬಾಯಿ ಬಂದ ಮೇಲೆ ನಿಲ್ಲಲಿಲ್ಲ. ಹೆರಿಗೆ ಮಾಡಿಸಿದವಳು ಯಾರು, ಹುಡುಗಿಯ ಬೆನ್ನಿನ ಮಚ್ಚೆ ಎಲ್ಲಿ, ದಡಾರ ಬಂದದ್ದು ಯಾವಾಗ, ಕೇಳದಿದ್ದರೂ ಹೇಳಿದಳು. ಅಮಲ್ದಾರರು ಕೊನೆಯವರೆಗೂ ಕೇಳಿ, ಅವಳ ಹೆಬ್ಬೆಟ್ಟು ಒತ್ತಿಸಿ ಮೊಹರು ಹಾಕಿದರು. ಆಮೇಲೆ ದೊಡ್ಡವ್ವನ ಸರದಿ. ಈ ಹುಡುಗಿ ನಾನು ಹೆತ್ತದ್ದಲ್ಲ, ನನಗೆ ಇವಳ ಮೇಲೆ ಯಾವ ಹಕ್ಕೂ ಇಲ್ಲ ಅನ್ನುವ ಹೇಳಿಕೆ. ಅವರು ಓದಿಸಿ ಕೇಳಿಸಿಕೊಂಡು, ಹೂಂ ಅಂದು ಹೆಬ್ಬೆಟ್ಟು ಒತ್ತಿದರು.

ಎಲ್ಲದರ ಮೇಲೆ ನನ್ನದೂ ಒಂದು ಪ್ರಮಾಣ ಪತ್ರ ಇಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ. ಮೊದಲ ಅರ್ಜಿ ಬರೆದವನು ನಾನು. ಈ ಸೀಮೆಯ ರೂಢಿ ನನಗೆ ಗೊತ್ತಿದ್ದೂ, ಹೆತ್ತ ಮಕ್ಕಳು ಯಾರು ಯಾರು ಅಂತ ಕೇಳದೆ ಮಕ್ಕಳೆಷ್ಟು ಅಂತ ಮಾತ್ರ ಕೇಳಿದೆ. ಹೆಸರು ಬಿಟ್ಟುಹೋದದ್ದು ನನ್ನ ಅಜಾಗ್ರತೆಯಿಂದ, ಅರ್ಜಿದಾರನ ವಂಚನೆಯಿಂದಲ್ಲ. ಹೀಗೆ ಬರೆದು ಸಹಿ ಹಾಕಿದೆ. ಹೊಂಗೆ ಮರದ ಕೆಳಗಿನ ಉಳಿದ ನಾಲ್ಕು ಜನರೂ ನನ್ನನ್ನು ಹುಚ್ಚ ಅಂದರು. ಚಾಮರಾಜನಗರದ ಕಚೇರಿಯಿಂದ ನನ್ನ ಲೈಸೆನ್ಸಿನ ಮೇಲೆ ಒಂದು ವಿಚಾರಣೆಯೂ ಆಗಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಅದನ್ನು ನಾನು ಮುಚ್ಚಿಟ್ಟಿಲ್ಲ. ಬೇಕಾದವರು ಕೇಳಿದರೆ ಆ ಎಚ್ಚರಿಕೆಯ ಕಾಗದವನ್ನೂ ತೋರಿಸುತ್ತಿದ್ದೆ.

ರಿಜಿಸ್ಟರ್ ಪೋಸ್ಟಿನಲ್ಲಿ ಕಟ್ಟು ಹೋಯಿತು. ಗಡುವಿಗೆ ಹನ್ನೆರಡು ದಿನ ಇರುವಾಗ ತಲುಪಿತು ಅಂತ ಗಂಡನಿಂದ ಕಾಗದ ಬಂತು. ಆಮೇಲೆ ಏನೂ ಇಲ್ಲ. ತಾಯಿ ಪ್ರತಿ ವಾರ ಬಸ್ಸಿಗೆ ಬಂದು ನನ್ನ ಮೇಜಿನ ಎದುರು ನಿಂತು, ನಾನು ಇಲ್ಲ ಅಂತ ತಲೆ ಆಡಿಸಿದ ಮೇಲೆ ಮುಂದಿನ ಬಸ್ಸಿಗೆ ವಾಪಸ್ ಹೋಗುತ್ತಿದ್ದಳು. ಹುಡುಗಿಗೆ ನಡುವೆ ಜ್ವರ ಬಂದಾಗ ನನಗೂ ನಿದ್ದೆ ಹತ್ತಲಿಲ್ಲ. ನಾಲ್ಕು ದಿನದಲ್ಲಿ ಇಳಿಯಿತು ಪುಣ್ಯಕ್ಕೆ.

ಎರಡು ತಿಂಗಳಿಗೆ ಉತ್ತರ ಬಂತು. ವಿವರಣೆಯನ್ನು ಒಪ್ಪಲಾಗಿದೆ. ಅಷ್ಟೇ, ಒಂದೇ ಸಾಲು. ಕೆಳಗೆ ಹೊಸ ಪರ್ಮಿಟ್: ಹೆಂಡತಿ, ಮಗಳು, ಮಗ. ನಾನು ಅದನ್ನು ಹೊಂಗೆ ಮರದ ಕೆಳಗೆ ನಿಂತು ಕನ್ನಡದಲ್ಲಿ ಜೋರಾಗಿ ಓದಿದೆ. ತಾಯಿ ಮಗಳ ಹೆಸರು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿದಳು. ತೋರಿಸಿದೆ. ಹಿರಿಯ ಬರಹಗಾರರು ಎದ್ದು ಬಂದು ಕಾಗದ ನೋಡಿ, ಪರವಾಗಿಲ್ಲ ಕಣಯ್ಯ ಅಂದರು. ನನ್ನ ಜೀವಮಾನದಲ್ಲಿ ಅವರ ಆ ಒಂದು ಮಾತಿಗಿಂತ ದೊಡ್ಡ ಬಿರುದು ನನಗೆ ಯಾರೂ ಕೊಟ್ಟಿಲ್ಲ.

ಪಾಸ್‌ಪೋರ್ಟಿನ ಕೆಲಸ ಮುಗಿಸಿ ಅವರು ಚಾಮರಾಜನಗರದಿಂದ ಬೆಳಗಿನ ರೈಲಿಗೆ ಹೊರಟರು. ಅಲ್ಲಿಂದ ಮೈಸೂರು, ಮದ್ರಾಸು, ಹಡಗು. ರೈಲು ಹೋದ ಮೇಲೆ ನಾನು ಬಂದು ಮೇಜು ಒರೆಸಿ ಕೂತಿದ್ದೆ. ಸ್ಟೇಷನ್ನಿನಿಂದ ನಡೆದುಕೊಂಡೇ ಬಂದ ದೊಡ್ಡವ್ವ ಎದುರಿಗೆ ಕೂತರು.

"ಸ್ವಾಮಿ, ನೀವು ಬರೆದ ಕಾಗ್ದದಲ್ಲೆಲ್ಲ ಅವ್ಳು ನನ್ನೋಳಲ್ಲ ಅಂತಾನೇ ಅದ. ನಂಗೂ ಒಂದು ಬರ್ಕೊಡಿ."

ಏನಂತ ಬರೆಯಲಿ ಅಂತ ಕೇಳಲಿಲ್ಲ. ಒಳ್ಳೆಯ ಹಾಳೆ ತೆಗೆದು, ಕನ್ನಡದಲ್ಲಿ, ಕೈಬರಹದಲ್ಲೇ ಬರೆದೆ. ಬರೆದು ಓದಿದೆ:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ತೌಡಮ್ಮ ಎಂಬ ಹುಡುಗಿ ಹುಟ್ಟಿದ ಮೂರನೇ ದಿನದಿಂದ ಹನ್ನೊಂದು ವರ್ಷ ನನ್ನ ಮಗಳಾಗಿದ್ದಳು. ಆ ಹನ್ನೊಂದು ವರ್ಷದಲ್ಲಿ ಸಾವು ಅವಳ ಹತ್ತಿರ ಬರಲಿಲ್ಲ."

ಅವರು ಹೆಬ್ಬೆಟ್ಟು ಒತ್ತಿದರು. ಸಾಕ್ಷಿ ಅಂತ ನಾನು ಸಹಿ ಹಾಕಿದೆ. ಇದನ್ನು ಯಾವ ಕಚೇರಿಗೆ ಕೊಡಬೇಕು ಅಂತ ಕೇಳಿದರು. ಯಾವ ಕಚೇರಿಗೂ ಬೇಡ ದೊಡ್ಡವ್ವ, ಇದು ನಿಮ್ಮದು ಅಂದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡು, ಗುಂಡ್ಲುಪೇಟೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದರು.